ಏಳು ಗಂಟೆಯ ಇನ್ಸ್‌ಪೆಕ್ಟರ್

ದೇವಕಿ: ಸುಮ್ನ ಕೂಡ್ರಿ. ಅಡಿಗಿಯವ ಅಲ್ಲ, ಸತ್ತವನ ಸ್ವಂತ ತಮ್ಮನೇ ಕೊಂದಾನ.

ಚಂದ್ರಶೇಖರಪ್ಪ: ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದಾಂವ ನಾನೋ, ನೀನೋ?

ದೇವಕಿ: ಇಪ್ಪತ್ತು ವರ್ಷ ಈ ಧಾರಾವಾಹಿ ನೋಡಿದಾಕಿ ನಾನು.

ಶಿರಸಿಯ ಆ ಮನೆಯಲ್ಲಿ ಸಂಜೆ ಏಳಕ್ಕೆ ಪತ್ತೇದಾರಿ ಧಾರಾವಾಹಿ ಶುರುವಾದರೆ ದೇವಕಿ ಒಲೆ ಆರಿಸಿ ಬಂದು ಕೂರುತ್ತಿದ್ದರು. ಅವರ ಗಂಡ, ನಿವೃತ್ತ ಹವಾಲ್ದಾರ ಚಂದ್ರಶೇಖರಪ್ಪ, ಪಕ್ಕದಲ್ಲೇ ಕೂತು ತಪ್ಪು ಹುಡುಕುತ್ತಿದ್ದರು.

ಚಂದ್ರಶೇಖರಪ್ಪ: ಇಷ್ಟು ವರ್ಷ ಅದೇ ಇನ್ಸ್‌ಪೆಕ್ಟರ್, ಅದೇ ಠಾಣೆ. ಅವಂಗ ಟ್ರಾನ್ಸ್‌ಫರ್ ಇಲ್ಲೇನು? ನನ್ನ ಸಿದ್ದಾಪುರದಿಂದ ಯಲ್ಲಾಪುರಕ್ಕ ಒಗೆದ್ರು.

ದೇವಕಿ: ಅವ ನಿಮ್ಮಂಗ ಸಾಹೇಬ್ರ ಕೂಡ ಜಗಳ ಆಡಂಗಿಲ್ಲ.

ಚಂದ್ರಶೇಖರಪ್ಪ: ಒಂದು ಏಟಿಗೆ ಕಳ್ಳ ಎಲ್ಲಾ ಒಪ್ಕೋತಾನ. ನನ್ನ ಕೈಗೆ ಸಿಕ್ಕವರು ತಮ್ಮ ಹೆಸರೂ ಖರೆ ಹೇಳ್ತಿರಲಿಲ್ಲ.

ದೇವಕಿ: ಏನರ ಅನ್ರಿ. ಬಂದೋಬಸ್ತು ಅಂತ ಹೋದ್ರ ನೀವು ಯಾವಾಗ ಬರ್ತೀರಂತ ದೇವರಿಗೂ ಗೊತ್ತಿರಲಿಲ್ಲ. ಈ ಇನ್ಸ್‌ಪೆಕ್ಟರ್ ಏಳಕ್ಕಂದ್ರ ಏಳಕ್ಕ ಮನೀಗೆ ಬರ್ತಿದ್ದ.

ಪರದೆಯ ಮೇಲೆ ಇನ್ಸ್‌ಪೆಕ್ಟರ್ ಕೊಲೆಗಾರನತ್ತ ಬೆರಳು ಎತ್ತಿದ. ಅಷ್ಟರಲ್ಲಿ ಕರೆಂಟು ಹೋಯಿತು.

ದೇವಕಿ: ಹೋತು. ಕತ್ತಲಾಗ ಕೂತು ಏನು ಮಾಡೂದು? ನಿಮ್ಮದೇ ಒಂದು ಕೇಸು ಹೇಳ್ರಿ.

ಚಂದ್ರಶೇಖರಪ್ಪ: ನಂದಾ? ಹೆಗ್ಗರಣೆ ಕಡೆ ಒಂದು ಗುಡಿ ಗಂಟೆ ಕಳುವಾಗಿತ್ತು. ಹುಡುಕಿ ಸಾಕಾಗಿ ಬಸ್ ಹತ್ತಿದೆ. ಒಬ್ಬಾಂವ ತೊಡಿ ಮ್ಯಾಲೆ ಚೀಲ ಇಟ್ಕೊಂಡು ಬರೇ ಚಡ್ಡಿ ಮ್ಯಾಲೆ ಕೂತಿದ್ದ.

ದೇವಕಿ: ಪಂಚೆ?

ಚಂದ್ರಶೇಖರಪ್ಪ: ಸದ್ದು ಬರಬಾರದಂತ ಗಂಟೆ ನಾಲಿಗಿಗೆ ಸುತ್ತಿದ್ದ.

ದೇವಕಿ ಸೆರಗು ಬಾಯಿಗೆ ಹಿಡಿದು ನಕ್ಕರು.

ದೇವಕಿ: ಇದನ್ನ ನನಗ ಯಾಕ ಹೇಳಿರಲಿಲ್ಲ?

ಚಂದ್ರಶೇಖರಪ್ಪ: ಹೇಳಾಕ ಮನ್ಯಾಗ ಎಲ್ಲಿರ್ತಿದ್ದೆ? ನಾ ಚೀಲಕ್ಕ ಕೈ ಹಾಕಿದೆ. ಅವ ಚೀಲ ನನ್ನ ಕಾಲ ಮ್ಯಾಲೆ ಬಿಟ್ಟು, ಬಸ್ಸಿನಿಂದ ಜಿಗಿದು ಓಡಿದ. ನಾನೂ ಕುಂಟ್ಕೋತ ಬೆನ್ನ ಹತ್ತಿದೆ. ಮುಂದ ಹಳ್ಳ...

ಕರೆಂಟು ಬಂತು. ಇನ್ಸ್‌ಪೆಕ್ಟರ್‌ನ ಬೆರಳು ಇನ್ನೂ ಮೇಲೆಯೇ ಇತ್ತು.

ಚಂದ್ರಶೇಖರಪ್ಪ: ಬಂದ ನೋಡು ನಿನ್ನ ಇನ್ಸ್‌ಪೆಕ್ಟರ್.

ದೇವಕಿ ರಿಮೋಟು ಎತ್ತಿ ಟಿ.ವಿ. ಬಂದ್ ಮಾಡಿದರು.

ದೇವಕಿ: ಅವ ಹೆಂಗೂ ಹಿಡೀತಾನ. ನೀವು ಹಿಡಿದ್ರೋ ಇಲ್ಲೋ, ಅದನ್ನ ಹೇಳ್ರಿ.