ಏಳನೇ ನಂಬರಿನ ಪೈ

ಲೈಮನ್ ಟಟಲ್ ಮಾಡಿದ ತಪ್ಪು ಒಂದೇ: ಚರ್ಚಿನ ಸುಗ್ಗಿ ಸಂತೆಯಲ್ಲಿ ಸೇಬು ತುಂಬಿ ಬೇಯಿಸಿದ ಪೈಗಳಿಗೆ ತೀರ್ಪು ಹೇಳಲು ಒಪ್ಪಿಕೊಂಡದ್ದು. ಪ್ರತಿವರ್ಷ ತೀರ್ಪು ಹೇಳುತ್ತಿದ್ದ ಮುದುಕ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಪುಣ್ಯವಂತ.

ಲೈಮನ್‌ನ ಹೆಂಡತಿ ವರ್ನಾ ಒಂಬತ್ತು ವರ್ಷ ಸ್ಪರ್ಧಿಸಿ ಒಮ್ಮೆಯೂ ಗೆದ್ದವಳಲ್ಲ. ಸೋತ ವಾರವೆಲ್ಲ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ, ಅವಳು ಉರಿಯುತ್ತಿದ್ದಳು.

"ಮುಲಾಜು ನೋಡ್ಬೇಡ," ಅಂದಳು ಬೆಳಿಗ್ಗೆ. "ಮರ ಕಡಿಯೋನು ಚಕ್ಕೆ ಎಲ್ಲಿ ಬೀಳುತ್ತೆ ಅಂತ ನೋಡ್ತಾನಾ? ಕೊಡಲಿ ಬೀಸ್ತಾನೆ, ಅಷ್ಟೆ. ನೀನೂ ನಿಜ ಹೇಳು, ಆಮೇಲೆ ಆಗಿದ್ದಾಗ್ಲಿ."

ವರ್ಮಾಂಟಿನ ಆ ಊರಲ್ಲಿ ಎಲ್ಲರ ಬಾಯಲ್ಲೂ ಇದೇ ಗಾದೆ. ಆದರೆ ಲೈಮನ್ ಮರದ ಮಿಲ್ಲಿನ ಆಳು. ಚಕ್ಕೆ ಹಾರಿದರೆ ಬೀಳುವುದು ಕಡಿಯುವವನ ಕಣ್ಣಿಗೇ ಎಂದು ಅವನಿಗೆ ಗೊತ್ತಿತ್ತು.

ಮೇಜಿನ ಮೇಲೆ ಹನ್ನೊಂದು ಪೈ. ಹೆಸರಿಲ್ಲ, ಬರೀ ನಂಬರು. ಆದರೂ ಯಾವ ತಟ್ಟೆ ಯಾರ ಮನೆಯದೆಂದು ಊರಿಗೆಲ್ಲ ಗೊತ್ತು. ನಾಲ್ಕನೆಯದು ಹಸಿರು ಅಂಚಿನ ತಟ್ಟೆಯಲ್ಲಿತ್ತು, ತನ್ನ ಮನೆಯದೇ. ಲೈಮನ್ ಕಚ್ಚಿದ. ಹಲ್ಲು ಸೋತವು. ಎಲ್ಲರ ಮನೆಯಲ್ಲೂ ಇರುವಂಥ ತಗಡಿನ ತಟ್ಟೆಯಲ್ಲಿದ್ದ ಏಳನೆಯದು ಮಾತ್ರ ಬೆಣ್ಣೆಯಂತೆ ಕರಗಿತು.

"ಹೆಂಡ್ತಿಗೇ ಕೊಡ್ತಾನೆ, ನೋಡ್ತಿರು," ಎಂದ ಪಕ್ಕದ ಮನೆಯ ಎಲೈಹು, ಎಲ್ಲರಿಗೂ ಕೇಳುವಂತೆ.

ಇನ್ನು ವಾರವೆಲ್ಲ ಒಣ ಬ್ರೆಡ್ಡೇ ಗತಿ ಎಂದುಕೊಂಡು ಲೈಮನ್ ಕಣ್ಣು ಮುಚ್ಚಿ "ಏಳು!" ಎಂದ.

ಪಾದ್ರಿಗಳು ಚೀಟಿ ಬಿಡಿಸಿದರು. "ಏಳನೇ ನಂಬರು... ವರ್ನಾ ಟಟಲ್!"

ಒಂದು ಚಪ್ಪಾಳೆಯೂ ಬೀಳಲಿಲ್ಲ. "ನಾನ್ ಹೇಳ್ಲಿಲ್ವಾ?" ಎಂದು ಎಲೈಹು ನಕ್ಕ. ವರ್ನಾಳ ಮುಖ ಬಾಡಿತು. ಲೈಮನ್‌ಗೆ ಅದನ್ನು ನೋಡಲಾಗಲಿಲ್ಲ. ಬೆಂಚು ಹತ್ತಿ ನಿಂತ.

"ದೇವರಾಣೆ, ಅದು ಇವಳದ್ದು ಅಂತ ನಂಗೆ ಗೊತ್ತೇ ಇರ್ಲಿಲ್ಲ! ಹಸಿರು ಅಂಚಿಂದು ಇವಳದ್ದು ಅಂದ್ಕೊಂಡಿದ್ದೆ. ಅದನ್ನ ಕಟ್ಟಕಡೇಗೆ ಹಾಕಿದೀನಿ. ಬೂಟಿನ ತೊಗಲು ಅಗಿದ ಹಾಗಿತ್ತು!"

ಊರು ನಂಬಿತು. ಚಪ್ಪಾಳೆಯೋ ಚಪ್ಪಾಳೆ. ತಟ್ಟದವರು ಮಿಲ್ಲಿನ ಯಜಮಾನರ ಹೆಂಡತಿ ಮಿಸೆಸ್ ಪೆಕ್ ಒಬ್ಬರೇ. ಬೆಳಿಗ್ಗೆ ಅವರ ತಟ್ಟೆ ಒಡೆದುಹೋಗಿ, ವರ್ನಾಳಿಂದ ಹಸಿರು ಅಂಚಿನದನ್ನು ಎರವಲು ತಂದಿದ್ದರು.

"ಸೋಮವಾರ ನನ್ನ ಬಂದು ಕಾಣು, ಟಟಲ್," ಎಂದರು ಯಜಮಾನರು.

ಕೆಲಸ ಹೋದರೂ ಹೋಗಲಿ, ಹೆಂಡತಿಯ ಮಾನ ಉಳಿಯಿತಲ್ಲ ಎಂದು ಲೈಮನ್ ಅವಳ ಕಡೆ ತಿರುಗಿದ. ವರ್ನಾ ಮೊದಲ ಬಹುಮಾನದ ನೀಲಿ ರಿಬ್ಬನ್ನನ್ನು ಎದೆಗೆ ಚುಚ್ಚಿಕೊಳ್ಳುತ್ತ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಹತ್ತೊಂಬತ್ತು ವರ್ಷ ನನ್ನ ಕೈಯಡುಗೆ ತಿಂದಿದೀಯ. ಬಾಯಿಗೆ ತೊಗಲು ಸಿಕ್ಕಿದ ಕೂಡ್ಲೇ ನಾನೇ ನೆನಪಾದ್ನಾ?"