ಗಿಡ್ಡ ಹೆಡರು, ಉದ್ದ ಹೆಡರು

ಲಾರಿಯ ಎಂಜಿನ್ ಗ್ಯಾರೇಜು ಸೇರಿ ಆರು ವಾರವಾಗಿತ್ತು. ಆ ಆರು ವಾರವೂ ಯಜಮಾನರ ಬಾಯಲ್ಲಿ ಬೇರೆ ಮಾತಿಲ್ಲ. (ಅವರನ್ನು ಎಲ್ಲರೂ ಯಜಮಾನರು ಅನ್ನೋದು ಲಾರಿಯ ದೆಸೆಯಿಂದ. ಮನೆಗೆ ಯಾರು ಯಜಮಾನರು ಅನ್ನೋದು ಬೇರೆ ವಿಷಯ.) ಊಟಕ್ಕೆ ಕೂತರೆ ಪಿಸ್ಟನ್, ಕೈ ತೊಳೆಯುವಾಗ ಗ್ಯಾಸ್ಕೆಟ್.

"ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿದ್ದಾಯ್ತು ಕಣೇ, ಎಂಜಿನ್ ಹೊಸದರ ಹಾಗಾಗಿದೆ" ಅಂದರು ಒಂದು ದಿನ.

ಕಿಟಕಿ ಪಕ್ಕ ಹೊಲಿಗೆ ಮಿಷನ್ ಮುಂದೆ ಕೂತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಎಂಜಿನ್ನಿಗೆ ಒಂದೇ ಸಲ ಬೋರ್ ಮಾಡಿಸಿದ್ರಿ. ನನಗೆ ಆರು ವಾರದಿಂದ ಬೋರ್ ಹೊಡೆಸ್ತಾ ಇದೀರಿ."

ಆಕೆಯ ಸಿಟ್ಟಿಗೆ ಕಾರಣವಿತ್ತು. ಮನೆ ಬದಲಾಯಿಸುವವರ ಸಾಮಾನು ಸಾಗಿಸೋದು ಆ ಲಾರಿಯ ಕೆಲಸ. 'ರಿಪೇರೀಲಿದೆ' ಅಂತ ಗಿರಾಕಿಗಳಿಗೆ ಫೋನಿನಲ್ಲಿ ಹೇಳಿ ಹೇಳಿ ಆಕೆಯ ಗಂಟಲು ಒಣಗಿತ್ತು. ಸೋಮವಾರ ಗುಡ್ಡದ ಮೇಲಿನ ಮನೆಯೊಂದಕ್ಕೆ ಸಾಮಾನು ಏರಿಸಿ ಕೊಡುವುದಾಗಿ ಮಾತು ಕೊಟ್ಟಾಗಿತ್ತು. ಅದೂ ತಪ್ಪಿದರೆ ಉಳಿದ ಗಿರಾಕಿಗಳೂ ಬೇರೆ ಲಾರಿ ಹುಡುಕಿಕೊಳ್ಳುತ್ತಿದ್ದರು.

ಶನಿವಾರ ಬೆಳಿಗ್ಗೆ ಎಂಜಿನ್ ಬಂತು. ಗ್ಯಾರೇಜಿನ ಮೇಸ್ತ್ರಿ ಅದಕ್ಕೆ ನೀಲಿ ಬಣ್ಣ ಬಳಿದು ಫಳಫಳ ಮಾಡಿದ್ದ. ಯಜಮಾನರು ಇಸ್ತ್ರಿ ಅಂಗಿ ತೊಟ್ಟು, ಎರಡು ಸಲ ತಲೆ ಬಾಚಿಕೊಂಡು ಗೇಟಿನಲ್ಲೇ ಕಾದಿದ್ದರು. ಮದುವೆ ದಿನವೂ ಅವರು ಬಾಚಿಕೊಂಡಿದ್ದು ಒಂದೇ ಸಲ.

ಎಂಜಿನ್ ಜೊತೆ ಮೇಸ್ತ್ರಿ ಎರಡು ಬಗೆಯ ಹೆಡರ್ ತಂದಿದ್ದ. ಹೆಡರ್ ಅಂದರೆ ಎಂಜಿನ್ನಿನ ಹೊಗೆಯನ್ನು ಹೊರಕ್ಕೆ ಸಾಗಿಸುವ ಪೈಪುಗಳ ಗೊಂಚಲು. ಹಳೆಯದು ಬಿರುಕು ಬಿಟ್ಟಿತ್ತು. ತಂದ ಎರಡರಲ್ಲಿ ಒಂದು ಗಿಡ್ಡ, ಕಪ್ಪು, ಸಾಧು ಪ್ರಾಣಿಯಂಥದ್ದು. ಇನ್ನೊಂದು ಉದ್ದ, ಮುಖ ನೋಡಿಕೊಳ್ಳುವಷ್ಟು ಹೊಳಪು. ಯಜಮಾನರು ಅದರಲ್ಲಿ ಮುಖ ನೋಡಿಕೊಂಡೂ ಬಿಟ್ಟರು.

"ಗಿಡ್ಡದ್ದಕ್ಕೆ ಸದ್ದು ಕಮ್ಮಿ," ಅಂದ ಮೇಸ್ತ್ರಿ. "ಉದ್ದದ್ದು ಹಾಕಿದ್ರೆ ಎಂಜಿನ್ ಸಲೀಸಾಗಿ ಉಸಿರಾಡುತ್ತೆ, ಏರು ಹತ್ತುವಾಗ ಗೊತ್ತಾಗುತ್ತೆ. ಆದ್ರೆ ಸ್ವಲ್ಪ ಸದ್ದು."

"ಸ್ವಲ್ಪ ಅಂದ್ರೆ ಎಷ್ಟು?" ಹೆಂಡತಿ ಕೇಳಿದಳು.

ಮೇಸ್ತ್ರಿ ಆಕಾಶ ನೋಡಿದ. "ಅದು ಕೇಳೋರ ಕಿವಿ ಮೇಲೆ ಹೋಗುತ್ತೆ, ಅಕ್ಕ."

ಜಗುಲಿಯ ಕುರ್ಚಿಯಲ್ಲಿ ಕೂತಿದ್ದ ಅತ್ತೆಗೆ (ಹೆಂಡತಿಯ ತಾಯಿ, ಕಿವಿ ಮಂದ) ಅರ್ಧ ಮಾತು ಮಾತ್ರ ತಲುಪಿತು. "ಯಾರು ಹೆದರಿದ್ದು?"

"ಹೆದರಿದ್ದಲ್ಲ ಅತ್ತೆ, ಹೆಡರ್," ಅಂದರು ಯಜಮಾನರು.

"ಅದೇ, ಹಾಡುಹಗಲಲ್ಲಿ ಯಾಕೆ ಹೆದರ್ತೀರಿ?"

ಅಷ್ಟರಲ್ಲಿ ಮೇಸ್ತ್ರಿ ಚೈನ್ ಪುಲ್ಲಿ ಎಳೆದು ಎಂಜಿನ್ನನ್ನು ಮೇಲೆತ್ತಿಬಿಟ್ಟಿದ್ದ. ಅತ್ತ ನೆಲವೂ ಇಲ್ಲ, ಇತ್ತ ಲಾರಿಯೂ ಇಲ್ಲ, ನಡುವೆ ತೂಗಾಡುತ್ತಿತ್ತು.

"ಉದ್ದದ್ದಾದ್ರೆ ಈಗಲೇ ಒಳಗಿಟ್ಟುಕೊಳ್ಳಬೇಕು. ಎಂಜಿನ್ ಇಳಿಸಿದ ಮೇಲೆ ತೂರಿಸೋಕೆ ಜಾಗ ಇಲ್ಲ. ಬೇಗ ಹೇಳಿ," ಅಂದ.

"ಗಿಡ್ಡದ್ದು," ಅಂದಳು ಹೆಂಡತಿ.

"ಉದ್ದದ್ದು," ಅಂದರು ಯಜಮಾನರು. "ನಮ್ಮ ಲಾರಿ ಅಂದ್ರೆ ಒಂದು ಗತ್ತು ಇರ್ಬೇಕು. ನಿನಗೆ ಸಂಗೀತದ ಜ್ಞಾನ ಇಲ್ಲ ಬಿಡು."

"ನಿಮ್ಮ ಗೊರಕೆ ಕೇಳ್ಕೊಂಡು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ. ಇನ್ನೆಷ್ಟು ಜ್ಞಾನ ಬೇಕು?"

"ಅಣ್ಣ, ಅಕ್ಕ, ಕೈ ಸೋಲ್ತಾ ಇದೆ," ಅಂದ ಮೇಸ್ತ್ರಿ.

ಹೆಂಡತಿ ತೂಗಾಡುವ ಎಂಜಿನ್ ನೋಡಿದಳು, ಸೋಮವಾರವನ್ನು ನೆನೆದಳು. "ಏನಾದ್ರೂ ಹಾಕ್ಕೊಳ್ಳಿ. ಗುಡ್ಡ ಹತ್ತಿದ್ರೆ ಸಾಕು."

ದಾಂಪತ್ಯದಲ್ಲಿ ಅದು ಯಜಮಾನರ ಚೊಚ್ಚಲ ದಿಗ್ವಿಜಯ. ಸಾಕ್ಷಿಗೆ ಮೇಸ್ತ್ರಿಯ ಕಡೆ ತಿರುಗಿ, "ಕೇಳಿಸ್ಕೊಂಡೆ ತಾನೇ?" ಅಂದರು.

ಉದ್ದ ಹೆಡರು ಒಳಗೆ ಹೋಯಿತು, ಎಂಜಿನ್ ಬೆರಳು ಬೆರಳಷ್ಟೇ ಇಳಿಯತೊಡಗಿತು. "ಎಡಕ್ಕೆ, ಎಡಕ್ಕೆ. ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ" ಅಂತ ಯಜಮಾನರು ಸುತ್ತ ಕುಣಿಯುತ್ತಿದ್ದರು. ಇಸ್ತ್ರಿ ಅಂಗಿಯ ಕಥೆ ಅಲ್ಲಿಗೆ ಮುಗಿಯಿತು. ಎಲ್ಲ ಕೂತಿತು, ಒಂದು ಬೋಲ್ಟ್ ಬಿಟ್ಟು. ಅದರ ತೂತು ಪೈಪುಗಳ ಹಿಂದೆ ಎಲ್ಲೋ ಸಂದಿಯಲ್ಲಿತ್ತು. ಮೇಸ್ತ್ರಿಯ ಕೈ ಹೋಗಲಿಲ್ಲ. ಯಜಮಾನರ ಕೈ ಹೋಯಿತು, ವಾಪಸು ಬರಲು ಎಣ್ಣೆ ಹಚ್ಚಬೇಕಾಯಿತು. ಕೊನೆಗೆ ಹೆಂಡತಿ ಬಳೆ ತೆಗೆದಿಟ್ಟು, ಸೂಜಿಗೆ ದಾರ ಪೋಣಿಸುವ ಬೆರಳುಗಳನ್ನು ತೂರಿಸಿ, ಕಣ್ಣು ಮುಚ್ಚಿಕೊಂಡು ಬೋಲ್ಟ್ ಹಿಡಿಸಿಯೇ ಬಿಟ್ಟಳು. ಆಕೆಯ ಮುಖದಲ್ಲೂ ಈಗ ಉತ್ಸಾಹ ಹತ್ತಿಕೊಂಡಿತ್ತು. "ಸ್ಟಾರ್ಟ್ ಮಾಡ್ರೀ, ಯಾಕೆ ನಿಂತಿದೀರಿ?"

ಯಜಮಾನರು ಕೀ ತಿರುಗಿಸಿದರು. ಎಂಜಿನ್ ಕೆಮ್ಮಿತು. ಮತ್ತೆ ತಿರುಗಿಸಿದರು, ಸೀನಿತು. ಮೂರನೇ ಸಲ ಗುಡುಗಿತು ನೋಡಿ, ಕಿಟಕಿ ಗಾಜು ನಡುಗಿತು, ಮೊಳೆಗೆ ನೇತುಹಾಕಿದ್ದ ಅಳತೆ ಟೇಪು ಬಿತ್ತು, ಬೀದಿಯ ಬಾಗಿಲುಗಳೆಲ್ಲ ತೆರೆದವು. ಅತ್ತೆ ಕುರ್ಚಿಯಿಂದೆದ್ದು, "ಯಾರೋ ಕರೆದ ಹಾಗಾಯ್ತಲ್ಲ" ಅಂದರು. ಬೇಡ ಬೇಡವೆಂದರೂ ಹೆಂಡತಿಗೆ ನಗು ಬಂತು.

ಸೋಮವಾರ ಲಾರಿ ಎರಡು ಬೀರು, ಒಂದು ಫ್ರಿಜ್ಜು, ನಾಲ್ಕು ಮಂಚ ಹೊತ್ತು ಎಲ್ಲೂ ನಿಲ್ಲದೆ ಗುಡ್ಡ ಹತ್ತಿತು. ಗಿರಾಕಿಗಳ ಫೋನು ಮತ್ತೆ ಶುರುವಾಯಿತು. ಯಜಮಾನರು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಊಟ ಬಡಿಸುತ್ತಾ ಹೆಂಡತಿ ಕೇಳಿದಳು, "ಬೇಕರೀಲಿ ಏನು ತಿಂದ್ರಿ?"

ಯಜಮಾನರ ತುತ್ತು ಕೈಯಲ್ಲೇ ನಿಂತಿತು. ಅವರು ಸಿಹಿ ಮುಟ್ಟಬಾರದು ಅಂತ ಡಾಕ್ಟರು ಹೇಳಿ ವರ್ಷವಾಗಿತ್ತು. "ಯಾವ ಬೇಕರಿ?"

"ಹನ್ನೊಂದು ಗಂಟೆಗೆ ನಮ್ಮ ಬೀದಿ ತಿರುವಿನಲ್ಲಿ ಲಾರಿ ಸದ್ದು ಬಂತು. ಬೇಕರಿ ಮುಂದೆ ನಿಂತು ಹೋಯ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಬಂತು. ಒಂದು ಕ್ರೀಮ್ ಬನ್ನಿಗೆ ನಿಮಗೆ ಐದು ನಿಮಿಷ. ಎರಡು ತಿಂದಿದೀರಿ."

ಮರುದಿನವೇ ಯಜಮಾನರು ಗ್ಯಾರೇಜಿಗೆ ಓಡಿದರು. "ಗಿಡ್ಡದ್ದೇ ಹಾಕಿಬಿಡಪ್ಪ. ಅವಳಿಗೆ ಸದ್ದು ಆಗಲ್ಲ."

"ಅಕ್ಕ ಬೆಳಿಗ್ಗೆಯೇ ಫೋನ್ ಮಾಡಿದ್ರು," ಅಂದ ಮೇಸ್ತ್ರಿ. "ಹೆಡರ್ ತುಂಬಾ ಚೆನ್ನಾಗಿದೆ, ಯಾರು ಹೇಳಿದ್ರೂ ಮುಟ್ಟಬೇಡ ಅಂದ್ರು."

ಯಜಮಾನರೂ ಸುಲಭಕ್ಕೆ ಸೋಲುವವರಲ್ಲ. ಶನಿವಾರ ಗೋಡೌನಿಗೆ ಸಾಮಾನು ಇಳಿಸಿ, ಲಾರಿಯನ್ನು ಅಲ್ಲೇ ಬಿಟ್ಟು, ಎರಡು ಬೀದಿ ನಡೆದುಕೊಂಡೇ ಬೇಕರಿಗೆ ಹೋದರು. ಒಳಗಿನ ಮೂಲೆ ಮೇಜು ಹಿಡಿದು ಬನ್ನು ಕಚ್ಚಿದರು. ಫೋನ್ ಬಡಿದುಕೊಂಡಿತು.

"ಅಮ್ಮ ಕೇಳ್ತಾ ಇದಾಳೆ, ಲಾರಿ ಯಾಕೆ ಇಷ್ಟು ಹೊತ್ತಿನಿಂದ ಸುಮ್ಮನಿದೆ ಅಂತ," ಅಂದಳು ಹೆಂಡತಿ. "ಎಲ್ಲಿದೀರಿ?"

ಗೋಡೌನ್ ಅನ್ನಲು ಹೊರಟ ಯಜಮಾನರ ಬಾಯಿಂದ ಬರೀ "ಗೂ... ಗೂ..." ಅಂತ ಹೊರಟಿತು.

"ನಿಧಾನ," ಅಂದಳು ಹೆಂಡತಿ. "ನುಂಗಿ, ಆಮೇಲೆ ಹೇಳಿ."