ಮಾಫಿ ಕಂಡ ಗೌಜಲ ಹಕ್ಕಿ

ಗಲ್ಫಿನಲ್ಲಿ ಹೊರಟವರ ಸಾಮಾನು ಉಳಿದವರ ಮನೆ ಸೇರುತ್ತದೆ. ವೀಸಾ ಮುಗಿದು, ಕೆಲಸ ಹೋಗಿ, ಇಲ್ಲವೇ ಊರಲ್ಲಿ ಯಾರೋ ಹಾಸಿಗೆ ಹಿಡಿದು ಜನ ಗಡಿಬಿಡಿಯಲ್ಲಿ ವಿಮಾನ ಹತ್ತುತ್ತಾರೆ; ಅವರ ಮಿಕ್ಸಿ, ಪರದೆ, ತುಳಸಿ ಕುಂಡ, ಅರ್ಧ ಚೀಲ ಕುಚ್ಚಲಕ್ಕಿ ನಮ್ಮಂಥವರ ಬಾಗಿಲಿಗೆ ಬರುತ್ತವೆ. ಬೇಡ ಎನ್ನುವ ಮಾತು ನನ್ನ ಬಾಯಿಂದ ಹೊರಡುವುದು ಕಷ್ಟ. ಹಾಗಾಗಿ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಒಂದು ಕಾಲಕ್ಕೆ ಇಡ್ಲಿ ಪಾತ್ರೆಗಳೇ ಮೂರು ಮನೆಯವರದ್ದಿದ್ದವು. ಮೀನೇ ಇಲ್ಲದ ಮೀನಿನ ತೊಟ್ಟಿಯೂ ಒಂದಿತ್ತು. ಹೆಂಡತಿ ಶಶಿಕಲಾ ಅದರಲ್ಲಿ ಈರುಳ್ಳಿ ಬಟಾಟೆ ತುಂಬಿಟ್ಟು ಹೇಗೋ ಸಹಿಸಿಕೊಂಡಿದ್ದಳು. ಆದರೆ ಅಲ್ಲಿಯವರೆಗೆ ಯಾರೂ ನಮಗೆ ನಾಯಿಯನ್ನು ಬಿಟ್ಟುಹೋಗಿರಲಿಲ್ಲ.

ಬಿಟ್ಟುಹೋದವರು ಗ್ರಹಾಂ. ಅಲ್ ಕೂಜ್‌ನಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಪೀಠೋಪಕರಣದ ವರ್ಕ್‌ಶಾಪಿಗೆ ಅವರೇ ಮ್ಯಾನೇಜರು. ಇಂಗ್ಲೆಂಡಿನ ಯಾವುದೋ ಹಳ್ಳಿಯವರು, ಮಾತು ಕಡಿಮೆ. ಹಕ್ಕಿಯ ವಿಷಯ ಬಂದರೆ ಮಾತ್ರ ಊಟದ ಡಬ್ಬಿ ತಣ್ಣಗಾಗುವ ತನಕ ಮಾತಾಡುತ್ತಿದ್ದರು. ಅವರ ಊರಿನ ಹಿಂದೆ ಎಲ್ಲರಿಗೂ ಸೇರಿದ ಒಂದು ಕುರುಚಲು ಕಾಡು ಇದೆಯಂತೆ. ಚಳಿಗಾಲಕ್ಕೆ ಅಲ್ಲಿಗೆ ವುಡ್‌ಕಾಕ್ ಎಂಬ ಹಕ್ಕಿ ಬರುತ್ತದಂತೆ. ಮೈಯೆಲ್ಲ ಒಣಗಿದ ಎಲೆಯ ಬಣ್ಣ. ಕಾಲಡಿಯಲ್ಲೇ ಕೂತಿದ್ದರೂ ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣುವುದು ನಾಯಿಯ ಮೂಗು ಮಾತ್ರ. ನಾನು ಒಮ್ಮೆ ಭಕ್ತಿಯಿಂದಲೇ, “ಘೀ ರೋಸ್ಟಿಗೆ ಆಗ್ತದಾ?” ಎಂದು ಕೇಳಿದ್ದೆ. ಆ ದಿನ ಅವರು ಮತ್ತೆ ಬಾಯಿ ಬಿಡಲಿಲ್ಲ.

ನಿವೃತ್ತಿಯಾಗಿ ಊರಿಗೆ ಹೋದಮೇಲೆ ಆ ಕಾಡಿನಲ್ಲಿ ಅಲೆಯುವುದಕ್ಕೆಂದೇ ಅವರು ಹಕ್ಕಿ ಹುಡುಕಿ, ವಾಸನೆ ಸಿಕ್ಕಲ್ಲಿ ಕದಲದೆ ನಿಂತು ತೋರಿಸುವ ಜಾತಿಯ ನಾಯಿಮರಿಯೊಂದನ್ನು ಸಾಕಿದ್ದರು. ಹೆಸರು ಮರ್ಫಿ. ವರ್ಕ್‌ಶಾಪಿನವರ ನಾಲಿಗೆಯಲ್ಲಿ ಅದು ಬೇಗನೆ ಮಾಫಿ ಆಯಿತು. ಅರಬಿಯಲ್ಲಿ ಮಾಫಿ ಎಂದರೆ ‘ಇಲ್ಲ’. ಬುದ್ಧಿ ಮಾಫಿ, ಶಿಸ್ತು ಮಾಫಿ. ಹೆಸರು ಚೆನ್ನಾಗಿ ಒಪ್ಪುತ್ತಿತ್ತು.

ಆ ವರ್ಷ ಗ್ರಹಾಂ ಹೊಟ್ಟೆನೋವನ್ನು ಗ್ಯಾಸ್ ಎನ್ನುತ್ತಾ ತಿಂಗಳುಗಟ್ಟಲೆ ದೂಡಿದರು. ಕಡೆಗೆ ಸ್ಕ್ಯಾನ್ ಆಯಿತು. ಅದಾದ ಮೇಲೆ ಯಾರೂ ಗ್ಯಾಸ್ ಎನ್ನಲಿಲ್ಲ. ಅವರನ್ನು ಕಾಣಲು ಹೋದಾಗ ಮನೆ ತುಂಬ ಅರ್ಧ ಕಟ್ಟಿದ ರಟ್ಟಿನ ಪೆಟ್ಟಿಗೆಗಳಿದ್ದವು. ಅವರ ಅಂಗಿಯೊಳಗೆ ಇನ್ನೊಬ್ಬ ಮನುಷ್ಯನಿಗೆ ಜಾಗವಿತ್ತು. “ಶೆಟ್ಟಿ, ನನ್ನ ಜೊತೆ ಇವನನ್ನು ಈಗ ಕರೆದೊಯ್ಯಲು ಆಗುವುದಿಲ್ಲ” ಎಂದು ಉದ್ದನೆಯ ಹಗ್ಗವೊಂದನ್ನು ನನ್ನ ಕೈಗೆ ಕೊಟ್ಟರು. “ಇವನಿಗೆ ಏನೂ ಕಲಿಸಬೇಡ, ಅದು ರಕ್ತದಲ್ಲೇ ಇದೆ. ನೀನು ಸುಮ್ಮನೆ ನಡೆದರೆ ಸಾಕು. ಮೊದಲ ಸಲ ಹಕ್ಕಿ ಕಂಡು ನಿಂತಾಗ ವಿಡಿಯೋ ಮಾಡಿ ಕಳಿಸು. ಅದೊಂದನ್ನು ನೋಡಬೇಕು.”

ನನಗೆ ನಾಯಿಯೆಂದರೆ ಹೆದರಿಕೆ. ಅದನ್ನು ಹೇಳಲು ಬಾಯಿ ತೆರೆದು, “ಖಂಡಿತ ಸರ್” ಎಂದೆ.

ನಮ್ಮ ಬಿಲ್ಡಿಂಗಿನಲ್ಲಿ ನಾಯಿ ಸಾಕುವಂತಿಲ್ಲ. ಕಾಪಾಡಿದ್ದು ಭಟ್ಕಳದ ಇಕ್ಬಾಲ್ ಭಾಯ್. ವರ್ಕ್‌ಶಾಪಿನ ಪಕ್ಕದಲ್ಲೇ ಅವರ ಪರದೆ ಬಟ್ಟೆಯ ಗೋದಾಮು. ನಾಯಿ ನೆಕ್ಕಿದರೆ ಅವರು ಏಳು ಸಲ ಕೈ ತೊಳೆಯುವವರು. ಹಾಗಿದ್ದೂ ಗೋದಾಮಿನ ಹಿಂಬದಿಯ ಕೋಣೆ ಬಿಟ್ಟುಕೊಟ್ಟರು. “ಮುಟ್ಟಿದ್ರೆ ತೊಳೀಬೇಕು ಅಂತ ಉಂಟು ಶೆಟ್ರೆ. ನೀರು ಕೊಡಬೇಡಿ ಅಂತ ಎಲ್ಲಿಯೂ ಇಲ್ಲ. ಬಾಯಾರಿದ ನಾಯಿಗೆ ನೀರು ಕೊಟ್ರೆ ಅದೇ ದೊಡ್ಡ ಪುಣ್ಯ” ಎಂದರು. ಶುಕ್ರವಾರ ಬೆಳಿಗ್ಗೆ ತಮ್ಮ ಪಿಕಪ್ ತರುವುದಾಗಿಯೂ ಹೇಳಿದರು. ಜುಮ್ಮಾ ನಮಾಜಿಗೆ ಮೊದಲು ವಾಪಸಾಗಬೇಕು, ಅಷ್ಟೇ.

ಮರುಭೂಮಿಯಲ್ಲಿ ವುಡ್‌ಕಾಕ್ ಎಲ್ಲಿಂದ ಬರಬೇಕು? ಇಲ್ಲಿರುವುದು ನಮ್ಮೂರಿನದೇ ಗೌಜಲ ಹಕ್ಕಿ. ಅಲ್ ಐನ್ ರಸ್ತೆಯಿಂದ ಒಳಗೆ, ಬೇಲಿಯಿಲ್ಲದ ಬಯಲಿನಲ್ಲಿ, ಘಾಫ್ ಮರಗಳ ಕೆಳಗಿನ ಪೊದೆಗಳಲ್ಲಿ ಬೆಳಗಾದರೆ ಅವುಗಳದೇ ಕೂಗು. ಇಲ್ಲಿ ಬೇಟೆ ನಿಷಿದ್ಧ. ನಮಗೂ ಕೊಲ್ಲುವ ಆಸೆಯಿರಲಿಲ್ಲ. ನಾಯಿ ಹುಡುಕಬೇಕು, ನಿಲ್ಲಬೇಕು, ನಾವು ನೋಡಬೇಕು, ಖಲಾಸ್.

ಮೊದಲ ಶುಕ್ರವಾರ ಮಾಫಿ ಬಹಳ ಹುರುಪಿನಿಂದ ಹುಡುಕಿ ಯಾರೋ ತಿಂದೆಸೆದ ಶವರ್ಮಾದ ಕಾಗದ ಕಂಡುಹಿಡಿಯಿತು. ಮುಂದಿನ ವಾರ ಒಂಟಿ ಚಪ್ಪಲಿ. ಅದರ ಮುಂದಿನ ವಾರ ಒಂಟೆಯನ್ನು ಕಂಡು ನನ್ನ ಕಾಲ ಸಂದಿಗೆ ನುಗ್ಗಿ, ಹಗ್ಗ ಸುತ್ತಿ, ನನ್ನನ್ನು ಮರಳಿನ ಮೇಲೆ ಮಲಗಿಸಿತು. ಗೌಜಲುಗಳು ಪಕ್ಕದಲ್ಲೇ ಕೂಗುತ್ತಿದ್ದವು. ನಾನು “ಮಾಫಿ! ಮಾಫಿ!” ಎಂದು ಕಿರುಚುತ್ತಿದ್ದರೆ ಇಕ್ಬಾಲ್ ಭಾಯ್ ಪಿಕಪ್‌ಗೆ ಒರಗಿ, “ಇಲ್ಲ ಇಲ್ಲ ಅಂತ ನೀವೇ ಕೂಗಿದ್ರೆ ಅದು ಎಂಥದ್ದನ್ನ ಹುಡುಕುದು ಮಾರಾಯ್ರೆ?” ಎನ್ನುತ್ತಿದ್ದರು.

ಆದರೆ ಆಚೆ ಇಂಗ್ಲೆಂಡಿನಲ್ಲಿ ದಿನಗಳು ಸವೆಯುತ್ತಿದ್ದವು. ಗ್ರಹಾಂ ಅವರ ಹೆಂಡತಿ ಹೆಲೆನ್ ವಾಟ್ಸಾಪಿನಲ್ಲಿ ಬರೆಯುತ್ತಿದ್ದರು. ಮೊದಮೊದಲು ಉದ್ದಕ್ಕೆ ಬರೆದರು. ಆಮೇಲೆ ಎರಡೇ ಸಾಲು. ಈಗ ಸೂಪು ಮಾತ್ರ. ಈಗ ಮಂಜುಗಡ್ಡೆಯ ಚೂರು ಮಾತ್ರ. ಪ್ರತಿ ಸಲವೂ ಕೊನೆಗೆ: ‘ಮರ್ಫಿ ನಿಂತನೇ ಎಂದು ಕೇಳುತ್ತಿದ್ದಾರೆ.’ ಇನ್ನೂ ಇಲ್ಲ ಎಂದು ಬರೆಯುವಾಗ ನನಗೆ ಅನ್ನ ಇಳಿಯುತ್ತಿರಲಿಲ್ಲ. ಶಶಿಕಲಾ ತಟ್ಟೆಯನ್ನು ನೋಡಿ, “ನೀವಾದ್ರೂ ಸರಿ ತಿನ್ನಿ. ಅಲ್ಲಿ ಅವರು ಉಪವಾಸ ಬಿದ್ದದ್ದು ಸಾಕು, ಇಲ್ಲಿ ಇನ್ನೊಬ್ಬರು ಬೀಳುದು ಬೇಡ” ಎಂದು ಗದರಿ, ಉಳಿದ ಅನ್ನಕ್ಕೆ ಮೊಸರು ಕಲಸಿ ಡಬ್ಬಿಗೆ ಹಾಕಿ ಮಾಫಿಗೆಂದು ಕೊಟ್ಟಳು.

ಕೊನೆಗೊಂದು ಶುಕ್ರವಾರ ಮಂಜು ಮುಸುಕಿತ್ತು. ಎದುರಿನ ಮರವೂ ಮಸಕು. ಇಕ್ಬಾಲ್ ಭಾಯ್ ತಮ್ಮ ಮಗಳ ಶಾಲೆಯ ಬಗ್ಗೆ ಏನೋ ಹೇಳುತ್ತಿದ್ದವರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ನನ್ನ ಕೈಯ ಹಗ್ಗ ಸಡಿಲವಾಗಿತ್ತು. ಮಾಫಿ ನಿಂತಿತ್ತು. ಮುಂಗಾಲೊಂದು ಮಡಚಿ ಮೇಲೆ, ಕುತ್ತಿಗೆ ಮುಂದಕ್ಕೆ, ಮೂಗಿನಿಂದ ಬಾಲದವರೆಗೆ ಒಂದೇ ಗೆರೆ. ಮೈಯೆಲ್ಲ ಸಣ್ಣಗೆ ನಡುಗುತ್ತಿತ್ತು, ಆದರೆ ಕದಲಲಿಲ್ಲ. ಕಸ ಹೆಕ್ಕುತ್ತಿದ್ದ ನಮ್ಮ ಪೋಕರಿಯೊಳಗೆ ಇದ್ದಕ್ಕಿದ್ದಂತೆ ಯಾರೋ ಬಹಳ ಹಳಬರು ಬಂದು ನಿಂತಂತಿತ್ತು. ಎದುರಿನ ಪೊದೆಯಲ್ಲಿ ನನಗೆ ಒಂದು ಗರಿಯೂ ಕಾಣಲಿಲ್ಲ.

“ಫೋನು, ಫೋನು” ಎಂದು ಇಕ್ಬಾಲ್ ಭಾಯ್ ಉಸಿರಿನಲ್ಲೇ ಹೇಳಿದರು. ಜೇಬಿನಿಂದ ತೆಗೆದು ಒತ್ತಿದೆ. ಪೊದೆ ಸಿಡಿದಂತೆ ಎರಡು ಗೌಜಲುಗಳು ಭರ್ರನೆ ಎದ್ದು ಮಂಜಿನೊಳಗೆ ಹೋದವು. ಮಾಫಿ ತಿರುಗಿ ನಮ್ಮತ್ತ ನೋಡಿತು. ಇಕ್ಬಾಲ್ ಭಾಯ್ ಎಲ್ಲ ಮರೆತು ಅದರ ತಲೆ ನೇವರಿಸಿಬಿಟ್ಟರು.

ಆಮೇಲೆ ವಿಡಿಯೋ ನೋಡಿದೆವು. ಅದರಲ್ಲಿ ನಾಯಿ ಇರಲಿಲ್ಲ, ಹಕ್ಕಿಯೂ ಇರಲಿಲ್ಲ. ಫೋನಿನ ಕ್ಯಾಮರಾ ನನ್ನ ಕಡೆಗೇ ತಿರುಗಿತ್ತು. ಗಲ್ಲದ ಕೆಳಗಿನಿಂದ ತೆಗೆದ ನನ್ನ ಮುಖ: ತೆರೆದ ಬಾಯಿ, ಅರಳಿದ ಮೂಗಿನ ಹೊಳ್ಳೆ, ಹೊರಬಿದ್ದ ಕಣ್ಣು. ರೆಕ್ಕೆಯ ಸದ್ದು. ಮತ್ತೆ ನನ್ನದೇ ಒಡಕು ಸ್ವರದಲ್ಲಿ, “ಅಯ್ಯೋ ದೇವರೇ!”

ನನಗೆ ಅಲ್ಲೇ ಮರಳಿನಲ್ಲಿ ಹುಗಿದುಕೊಳ್ಳಬೇಕೆನಿಸಿತು. “ಮುಂದಿನ ವಾರ ಸರಿಯಾಗಿ ತೆಗಿಯುವ” ಎಂದೆ.

ಇಕ್ಬಾಲ್ ಭಾಯ್ ಬಾಟಲಿಯ ನೀರಿನಲ್ಲಿ ಕೈ ತೊಳೆಯುತ್ತಿದ್ದರು. “ಮುಂದಿನ ವಾರ ನಾವಿರ್ತೇವೆ ಶೆಟ್ರೆ. ಅವರು? ಇದ್ದದ್ದನ್ನೇ ಕಳಿಸಿ.”

ಕಳಿಸಿದೆ. ಸಂಜೆಯ ಹೊತ್ತಿಗೆ ಉತ್ತರ ಧ್ವನಿಯಲ್ಲಿ ಬಂತು. ಗ್ರಹಾಂ ಅವರದೇ ಎಂದು ಗುರುತು ಹಿಡಿಯಲು ಎರಡು ಸಲ ಕೇಳಬೇಕಾಯಿತು. ನಡುನಡುವೆ ಬಹಳ ಹೊತ್ತು ಉಸಿರು ಮಾತ್ರ. “ಶೆಟ್ಟಿ... ನಾಯಿ ನಿಂತಿತು ಎಂದು ನಿನ್ನ ಮುಖದಲ್ಲೇ ಗೊತ್ತಾಯಿತು. ಈ ಮುಖ ನನಗೆ ಗೊತ್ತು. ನಮ್ಮಪ್ಪನಿಗೂ ಹೀಗೇ ಆಗುತ್ತಿತ್ತು. ಬಾಲ ನೆಟ್ಟಗಿತ್ತಾ?” ನೆಟ್ಟಗಿತ್ತು ಸರ್, ಎಂದು ಬರೆದೆ. ಅವರು ಅದನ್ನು ನೋಡಿದರು ಎಂದು ಫೋನು ತೋರಿಸಿತು. ಆಮೇಲೆ ಅವರಿಂದ ಏನೂ ಬರಲಿಲ್ಲ. ಮುಂದಿನ ಶುಕ್ರವಾರಕ್ಕೆ ಮೊದಲೇ ತೀರಿಕೊಂಡರು.

ಮಾಫಿಯನ್ನು ನಾವೇ ಇಟ್ಟುಕೊಳ್ಳಬಹುದೇ ಎಂದು ಹೆಲೆನ್ ಕೇಳಿದಾಗ ನಾನು ಉತ್ತರಿಸುವ ಮೊದಲೇ ಇಕ್ಬಾಲ್ ಭಾಯ್, “ಇದೆಂಥ ಕೇಳುದು” ಎಂದುಬಿಟ್ಟಿದ್ದರು. ಅಂತ್ಯಕ್ರಿಯೆಯ ಮರುದಿನ ಹೆಲೆನ್ ಮತ್ತೆ ಬರೆದರು. ಕೊನೆಯ ದಿನಗಳಲ್ಲಿ ಗ್ರಹಾಂ ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನಕ್ಕರಂತೆ. ನಕ್ಕರೆ ನೋವಾಗುತ್ತಿತ್ತಂತೆ, ಆದರೂ ನಕ್ಕರಂತೆ. ಅವರ ಇಚ್ಛೆಯಂತೆ ಚರ್ಚಿನಲ್ಲಿ, ಪ್ರಾರ್ಥನೆಗೂ ಶವಪೆಟ್ಟಿಗೆ ಎತ್ತುವುದಕ್ಕೂ ನಡುವೆ, ದೊಡ್ಡ ಪರದೆಯ ಮೇಲೆ ಅದನ್ನು ತೋರಿಸಿದರಂತೆ. ಊರಿಗೆ ಊರೇ ನೋಡಿತಂತೆ.

ನಾನು ಎಂದೂ ಕಾಲಿಡದ ಹಳ್ಳಿಯಲ್ಲಿ, ಕಪ್ಪು ಕೋಟು ತೊಟ್ಟ ಅಷ್ಟು ಜನರ ಕಣ್ಣೀರಿನೆದುರು, ಗೋಡೆಯಷ್ಟು ದೊಡ್ಡದಾಗಿ ನನ್ನ ಮೂಗು. ಶಶಿಕಲಾ ಸಂದೇಶವನ್ನು ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಫೋನು ಹಿಂದಿರುಗಿಸುತ್ತಾ ನನ್ನ ಮುಖವನ್ನೇ ದಿಟ್ಟಿಸಿ, “ಆ ದಿನ ಶೇವಾದ್ರೂ ಮಾಡಿಕೊಂಡು ಹೋಗ್ಬಾರದಿತ್ತಾ?” ಎಂದಳು.